ಜಪಾನಿನ ಒಳ್ಳೆಯ ಹಸಿರು ಚಹಾಕ್ಕೆ ಪಾಟ್ ಎಷ್ಟು ದೊಡ್ಡದಿರಬೇಕು, ಕಪ್ ಎಷ್ಟು ಚಿಕ್ಕದಿರಬೇಕು?

ಮನೆಯಲ್ಲಿರುವ ಪಿಂಗಾಣಿ ಟೀಪಾಟ್ 600 ಮಿ.ಲೀ. ನೀರು ಹಿಡಿಯುತ್ತದೆ ಅಂದುಕೊಳ್ಳಿ. ಕೈಯಲ್ಲಿ ಒಳ್ಳೆಯ ಸೆಂಚಾ ಚಹಾದ 50 ಗ್ರಾಂ ಪೊಟ್ಟಣ ಇದೆ. ಆ ಚಹಾಕ್ಕೆ ಬೇಕಾದ ಅಳತೆಯಲ್ಲೇ ಎಲೆ ಹಾಕಿ ಪಾಟ್ ತುಂಬಿಸಿದರೆ ಒಂದೇ ಸಲಕ್ಕೆ 20 ಗ್ರಾಂ ಖಾಲಿ. ಎರಡೂವರೆ ಸಲಕ್ಕೆ ಪೊಟ್ಟಣವೇ ಮುಗಿಯಿತು. ಅಷ್ಟು ಎಲೆ ಹಾಕಲು ಮನಸ್ಸು ಬಾರದೆ 5 ಗ್ರಾಂ ಹಾಕಿದರೆ ಸಿಗುವುದು ತೆಳ್ಳಗಿನ, ಹುಲ್ಲು ವಾಸನೆಯ ನೀರು. "ಇಷ್ಟೆಲ್ಲಾ ಹೊಗಳ್ತಾರೆ, ಇದರಲ್ಲೇನಿದೆ?" ಅಂತ ಪೊಟ್ಟಣ ಕಪಾಟಿನ ಮೂಲೆ ಸೇರುತ್ತದೆ. ಹೀಗೆ ಮೂಲೆ ಸೇರುವ ಒಳ್ಳೆಯ ಚಹಾಗಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಯಾಕಂದರೆ ಅಲ್ಲಿ ಬದಲಾಯಿಸಬೇಕಾದ್ದು ಪಾತ್ರೆಯ ಗಾತ್ರ ಒಂದೇ.

ಹೆಚ್ಚಿನವರು ಮೊದಲು ಚೆಂದದ ಪಾಟ್ ಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಕಪ್ ಹುಡುಕುತ್ತಾರೆ, ಕೊನೆಗೆ ಎಲೆ. ಇದನ್ನು ಪೂರ್ತಿ ತಿರುಗಿಸಿ ಅನ್ನುವುದೇ ಈ ಲೇಖನದ ಸಲಹೆ. ಎಲೆಯಿಂದ ಶುರು ಮಾಡಿ. ಎಲೆ ನೀರನ್ನು ಗೊತ್ತು ಮಾಡುತ್ತದೆ, ನೀರು ಕಪ್ಪನ್ನು ಗೊತ್ತು ಮಾಡುತ್ತದೆ. ಪಾಟ್ ಕೊನೆಗೆ ಬರಲಿ.

ಹಂತ 1: ಯಾವ ಎಲೆ ಅಂತ ತೀರ್ಮಾನಿಸಿ

ಜಪಾನಿನ ಹಸಿರು ಚಹಾ ಅಂದರೆ ಒಂದೇ ಥರದ್ದಲ್ಲ. ಪಾತ್ರೆಯ ಗಾತ್ರದ ಮಟ್ಟಿಗೆ ನಾವು ಮೂರು ಗುಂಪು ಮಾಡಿಕೊಂಡರೆ ಸಾಕು.

ಮೊದಲನೆಯದು ಗ್ಯೊಕುರೊ. ಕ್ಯೋಟೊ ಪ್ರಾಂತ್ಯದ ಉಜಿ, ಫುಕುವೊಕಾ ಪ್ರಾಂತ್ಯದ ಯಾಮೆ ಇದಕ್ಕೆ ಹೆಸರುವಾಸಿ. ಕೊಯ್ಲಿಗೆ ಸುಮಾರು 20 ದಿನ ಮೊದಲೇ ಗಿಡಗಳಿಗೆ ನೆರಳು ಕಟ್ಟುತ್ತಾರೆ. ಎಲೆಯಲ್ಲಿರುವ ಥಿಯಾನಿನ್ ಅನ್ನುವ ಅಂಶ ಬಿಸಿಲು ಬಿದ್ದಂತೆಲ್ಲ ಕ್ಯಾಟೆಚಿನ್ ಆಗಿ ಬದಲಾಗುತ್ತಾ ಹೋಗುತ್ತದೆ. ಥಿಯಾನಿನ್‌ನಿಂದ ಬರುವುದು ಬಾಯಿ ತುಂಬ ನಿಲ್ಲುವ ಸಿಹಿಯಾದ ಗಟ್ಟಿ ರುಚಿ, ಜಪಾನಿನವರು ಉಮಾಮಿ ಅನ್ನುವಂಥದ್ದು. ಕ್ಯಾಟೆಚಿನ್‌ನಿಂದ ಬರುವುದು ಒಗರು. ನೆರಳಲ್ಲಿ ಬೆಳೆದ ಎಲೆಯಲ್ಲಿ ಥಿಯಾನಿನ್ ಉಳಿದುಕೊಳ್ಳುತ್ತದೆ. ಅದು ಕಡಿಮೆ ಬಿಸಿಯ ನೀರಿಗೂ ಸಲೀಸಾಗಿ ಇಳಿಯುತ್ತದೆ. ಕ್ಯಾಟೆಚಿನ್ ಚೆನ್ನಾಗಿ ಇಳಿಯಬೇಕಾದರೆ ಬಿಸಿ ಜಾಸ್ತಿ ಬೇಕು. ಹಾಗಾಗಿ ಗ್ಯೊಕುರೊಗೆ 50ರಿಂದ 60 ಡಿಗ್ರಿಯ ನೀರು, ತುಂಬ ಎಲೆ, ತೀರಾ ಕಡಿಮೆ ನೀರು. ಬರುವುದು ಬೆಳಗಿನ ಫಿಲ್ಟರ್ ಕಾಫಿಯ ಮೊದಲ ಡಿಕಾಕ್ಷನ್ ಥರ ಗಟ್ಟಿಯಾದ ದ್ರವ. ಡಿಕಾಕ್ಷನ್ನನ್ನು ಯಾರೂ ಲೋಟಗಟ್ಟಲೆ ಕುಡಿಯುವುದಿಲ್ಲ, ಅಲ್ವಾ? ಗ್ಯೊಕುರೊ ಕೂಡ ಹಾಗೆಯೇ, ಆದರೆ ಇದಕ್ಕೆ ಹಾಲು, ನೀರು ಏನನ್ನೂ ಬೆರೆಸುವುದಿಲ್ಲ. ಒಂದೆರಡು ಗುಟುಕಲ್ಲೇ ಮುಗಿಯುವ ಚಹಾ ಇದು.

ಎರಡನೆಯದು ಒಳ್ಳೆಯ ಸೆಂಚಾ. ಉಜಿ ಹತ್ತಿರದ ಉಜಿತವಾರಾ ಊರಿನ ಚಹಾ ಬೆಳೆಗಾರ ನಗತಾನಿ ಸೋಯೆನ್ 1738ರಲ್ಲಿ ರೂಢಿಗೆ ತಂದ ವಿಧಾನದ ಮುಂದುವರಿಕೆ ಇದು. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಉಜ್ಜಿ ಹೊಸೆದು ಒಣಗಿಸುತ್ತಾರೆ. ಒಣ ಎಲೆ ಸೂಜಿಯಂತೆ ಕಾಣುತ್ತದೆ. 70 ಡಿಗ್ರಿ ಆಸುಪಾಸಿನ ನೀರು ಇದಕ್ಕೆ ಹಿತ. ಇದರಲ್ಲೇ ಫುಕಾಮುಶಿ ಅನ್ನುವ ಬಗೆ ಇದೆ. ಅದನ್ನು ಹಬೆಯಲ್ಲಿ ಜಾಸ್ತಿ ಹೊತ್ತು ಬೇಯಿಸುವುದರಿಂದ ಎಲೆ ಮೆತ್ತಗಾಗಿ ಪುಡಿಪುಡಿಯಾಗಿರುತ್ತದೆ. ಪಾಟ್ ಆರಿಸುವಾಗ ಈ ಪುಡಿ ಒಂದು ದೊಡ್ಡ ವಿಷಯ. ಮುಂದೆ ಹೇಳುತ್ತೇನೆ. ಕೆಲವೇ ದಿನ ನೆರಳಲ್ಲಿಟ್ಟ ಕಾಬುಸೆಚಾ, ಗ್ಯೊಕುರೊ ಮತ್ತು ಸೆಂಚಾದ ನಡುವಿನದು. ಅದನ್ನು ಸೆಂಚಾ ಪಾತ್ರೆಯಲ್ಲೇ ಮಾಡಬಹುದು.

ಮೂರನೆಯದು ದಿನಬಳಕೆಯವು. ಬಾಂಚಾ, ಹುರಿದ ಹೋಜಿಚಾ, ಹುರಿದ ಅಕ್ಕಿ ಬೆರೆಸಿದ ಗೆನ್ಮೈಚಾ. ಇವಕ್ಕೆ ಕುದಿಯುವ ನೀರು, ದೊಡ್ಡ ಪಾಟ್, ದೊಡ್ಡ ಕಪ್ ಎಲ್ಲ ಸರಿ. ಮನೆಯಲ್ಲಿ ಈಗಾಗಲೇ ದೊಡ್ಡ ಪಾಟ್ ಇದ್ದರೆ ಅದನ್ನು ಇವುಗಳಿಗೇ ಮೀಸಲಿಡಿ. ಮಚ್ಚಾ ಪುಡಿಯನ್ನು ಬಟ್ಟಲಲ್ಲೇ ಕಡೆದು ಕುಡಿಯುವುದರಿಂದ ಅದಕ್ಕೆ ಪಾಟ್‌ನ ಪ್ರಶ್ನೆಯೇ ಇಲ್ಲ.

ಹಂತ 2: ನೀರಿನ ಲೆಕ್ಕ ಹಾಕಿ

ಜಪಾನಿನಲ್ಲಿ ಬಳಕೆಯಲ್ಲಿರುವ ಪ್ರಮಾಣಿತ ಅಳತೆಗಳಿವೆ. ಅಲ್ಲಿನ ಪುಸ್ತಕಗಳಲ್ಲಿ, ಪೊಟ್ಟಣಗಳ ಹಿಂದೆ ಹೆಚ್ಚುಕಡಿಮೆ ಇವೇ ಕಾಣುತ್ತವೆ.

ಗ್ಯೊಕುರೊ, ಮೂವರಿಗೆ: ಎಲೆ 10 ಗ್ರಾಂ, ನೀರು 60 ಮಿ.ಲೀ., 50-60 ಡಿಗ್ರಿ, ಎರಡೂವರೆ ನಿಮಿಷ.
ಒಳ್ಳೆಯ ಸೆಂಚಾ, ಮೂವರಿಗೆ: ಎಲೆ 6 ಗ್ರಾಂ, ನೀರು 170 ಮಿ.ಲೀ., 70 ಡಿಗ್ರಿ, ಎರಡು ನಿಮಿಷ.
ಸಾಧಾರಣ ಸೆಂಚಾ, ಐವರಿಗೆ: ಎಲೆ 10 ಗ್ರಾಂ, ನೀರು 430 ಮಿ.ಲೀ., 90 ಡಿಗ್ರಿ, ಒಂದು ನಿಮಿಷ.
ಬಾಂಚಾ ಅಥವಾ ಹೋಜಿಚಾ, ಐವರಿಗೆ: ಎಲೆ 15 ಗ್ರಾಂ, ನೀರು 650 ಮಿ.ಲೀ., ಕುದಿಯುವ ನೀರು, ಅರ್ಧ ನಿಮಿಷ.

ಗ್ಯೊಕುರೊ ಸಾಲನ್ನು ಇನ್ನೊಮ್ಮೆ ಓದಿ. ಮೂವರಿಗೆ 60 ಮಿ.ಲೀ. ನೀರು. ಅದೂ ಪೂರ್ತಿ ಹೊರಗೆ ಬರುವುದಿಲ್ಲ. ಒಣ ಎಲೆ ತನ್ನ ತೂಕದ ಮೂರು ನಾಲ್ಕು ಪಟ್ಟು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. 10 ಗ್ರಾಂ ಎಲೆ 30ರಿಂದ 40 ಮಿ.ಲೀ. ಕುಡಿದುಬಿಟ್ಟರೆ ಕಪ್ಪಿಗೆ ಬರುವುದು 20-30 ಮಿ.ಲೀ. ಮಾತ್ರ. ಒಬ್ಬೊಬ್ಬರಿಗೆ ಎರಡು ಟೀ ಚಮಚದಷ್ಟು. ಮೊದಲ ಸಲ ನೋಡಿದವರಿಗೆ ಇದು ವಿಚಿತ್ರ ಅನಿಸಬಹುದು. ಕುಡಿದ ಮೇಲೆ ಅದರ ರುಚಿ ಬಾಯಲ್ಲಿ ಬಹಳ ಹೊತ್ತು ಉಳಿಯುತ್ತದೆ, ಆಗ ಆ ಅಳತೆಯ ಅರ್ಥ ಆಗುತ್ತದೆ.

ನಮ್ಮ ಮನೆಗಳಲ್ಲಿ ಒಬ್ಬರು ಇಬ್ಬರಿಗೆ ಮಾಡುವುದೇ ಜಾಸ್ತಿ. ಅದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಸ್ವಲ್ಪ ಸಡಿಲ. ಒಬ್ಬರಿಗೆ ಗ್ಯೊಕುರೊ ಆದರೆ 5 ಗ್ರಾಂ ಎಲೆಗೆ 45-50 ಮಿ.ಲೀ. ನೀರು. ಕಪ್ಪಿಗೆ 30 ಮಿ.ಲೀ. ಆಸುಪಾಸು ಬರುತ್ತದೆ. ಇಬ್ಬರಿಗಾದರೆ 8 ಗ್ರಾಂಗೆ 75-80. ಸೆಂಚಾ ಒಬ್ಬರಿಗೆ 3ರಿಂದ 4 ಗ್ರಾಂ ಎಲೆ, 100 ಮಿ.ಲೀ. ನೀರು. ಇಬ್ಬರಿಗೆ 5 ಗ್ರಾಂ, 150 ಮಿ.ಲೀ. ನಾಲ್ವರಿಗೆ 9-10 ಗ್ರಾಂ, 280 ಮಿ.ಲೀ.

ಇಲ್ಲಿ ಒಂದು ಮಾತು. ಜನ ಇಬ್ಬರಾದ ತಕ್ಷಣ ಎಲೆಯನ್ನು ಸರಿಯಾಗಿ ದುಪ್ಪಟ್ಟು ಮಾಡಬೇಕಿಲ್ಲ. ಆದರೆ ಒಬ್ಬರಿಗೇ ಮಾಡುವಾಗ ಎಲೆಯನ್ನು 2 ಗ್ರಾಂಗಿಂತ ಕೆಳಗೆ ಇಳಿಸಬೇಡಿ. ಅಷ್ಟು ಚೂರು ಎಲೆಯಲ್ಲಿ ರುಚಿ ನಿಲ್ಲುವುದಿಲ್ಲ. ಒಬ್ಬರೇ ಕುಡಿಯುವವರು ಎಲೆ ಉಳಿಸುವುದಕ್ಕಿಂತ ಅದೇ ಎಲೆಗೆ ಎರಡು ಮೂರು ಸಲ ನೀರು ಹಾಕಿ ಕುಡಿಯುವುದು ಲಾಭ.

ಹಂತ 3: ಕಪ್ ಆರಿಸಿ

ಪಾಟ್‌ಗಿಂತ ಮೊದಲು ಕಪ್ ಯಾಕೆ? ಜಪಾನಿನ ಹಸಿರು ಚಹಾವನ್ನು ಪಾಟ್‌ನಲ್ಲಿ ಉಳಿಸುವ ಹಾಗಿಲ್ಲ. ಹೊತ್ತಾದ ತಕ್ಷಣ ಕೊನೆಯ ಹನಿಯವರೆಗೂ ಬಸಿದುಬಿಡಬೇಕು. ಉಳಿದ ನೀರಲ್ಲಿ ಎಲೆ ನೆನೆಯುತ್ತಲೇ ಇದ್ದರೆ ಕಹಿ, ಒಗರು ಇಳಿದು ಎರಡನೇ ಸಲದ ಚಹಾ ಹಾಳು. ಅಂದರೆ ಪಾಟ್‌ನಿಂದ ಬರುವ ಅಷ್ಟೂ ಚಹಾ ಎದುರಿಗಿರುವ ಕಪ್‌ಗಳಲ್ಲಿ ಹಿಡಿಯಲೇಬೇಕು. ಕಪ್ಪಿನ ಗಾತ್ರವನ್ನು ಜನರ ಲೆಕ್ಕಕ್ಕೆ ಗುಣಿಸಿದರೆ ಪಾಟ್‌ನ ಗಾತ್ರ ತಾನೇ ಸಿಗುತ್ತದೆ.

ಗ್ಯೊಕುರೊಗೆ ಅಂಚಿನವರೆಗೆ 40ರಿಂದ 60 ಮಿ.ಲೀ. ಹಿಡಿಯುವ ಕಪ್ ಸಾಕು. ಅದರಲ್ಲಿ ಅರ್ಧದಿಂದ ಮುಕ್ಕಾಲು ತುಂಬಿಸುತ್ತೀರಿ. ದೊಡ್ಡ ಕಪ್ಪಿನ ತಳದಲ್ಲಿ 30 ಮಿ.ಲೀ. ಚಹಾ ಹಾಕಿದರೆ ಎರಡು ತೊಂದರೆ. ಮೊದಲೇ ಉಗುರುಬೆಚ್ಚಗಿದ್ದದ್ದು ತಕ್ಷಣ ತಣ್ಣಗಾಗುತ್ತದೆ. ಜೊತೆಗೆ ಒಂದಷ್ಟು ಚಹಾ ಕಪ್ಪಿನ ಗೋಡೆಗೇ ಅಂಟಿ ಹೋಗುತ್ತದೆ. 30ರಲ್ಲಿ ಎರಡು ಮೂರು ಮಿ.ಲೀ. ಗೋಡೆಗೆ ಹೋದರೂ ಅದು ಹತ್ತರಲ್ಲಿ ಒಂದು ಭಾಗ.

ಸೆಂಚಾಕ್ಕೆ 80ರಿಂದ 120 ಮಿ.ಲೀ. ಕಪ್. ಮುಕ್ಕಾಲು ತುಂಬಿಸಿದರೆ 60ರಿಂದ 90 ಮಿ.ಲೀ. ಚಹಾ. ಬಂದವರಿಗೆ ಕೊಡಲು ಜಪಾನಿನಲ್ಲಿ ಕುಮಿದಾಶಿ ಅನ್ನುವ ಗಿಡ್ಡನೆಯ, ಬಾಯಿ ಅಗಲವಾದ ಕಪ್ ಬಳಸುತ್ತಾರೆ. ಸುವಾಸನೆ ಚೆನ್ನಾಗಿ ಮೇಲೆ ಬರುತ್ತದೆ. ಉದ್ದನೆಯ ಯುನೊಮಿ ಕಪ್‌ಗಳು 150-200 ಮಿ.ಲೀ. ಅಥವಾ ಇನ್ನೂ ದೊಡ್ಡವು. ಅವು ಹೋಜಿಚಾ, ಬಾಂಚಾಗೆ ಸರಿ. ದಪ್ಪ ಗೋಡೆ ಇರುವುದರಿಂದ ಬಿಸಿ ಚಹಾ ಹಿಡಿದುಕೊಳ್ಳಲೂ ಆರಾಮ.

ಕಪ್ಪಿನ ಒಳಗೆ ಬಿಳಿ ಇರಲಿ. ಇದರಲ್ಲಿ ನಾನು ತುಸು ಹಟ ಮಾಡುತ್ತೇನೆ. ಗ್ಯೊಕುರೊದ ತಿಳಿ ಹಳದಿ, ಫುಕಾಮುಶಿಯ ಮಬ್ಬಾದ ಗಾಢ ಹಸಿರು ಕಣ್ಣಿಗೆ ಕಾಣಬೇಕು. ಬಣ್ಣ ನೋಡಿಯೇ ಮುಂದಿನ ಸಲ ಹೊತ್ತು ಜಾಸ್ತಿ ಮಾಡಬೇಕೋ ಕಡಿಮೆ ಮಾಡಬೇಕೋ ಅಂತ ಗೊತ್ತಾಗುತ್ತದೆ. ಅಂಚು ತೆಳ್ಳಗಿದ್ದರೆ ಇನ್ನೂ ಒಳ್ಳೆಯದು. ಜಪಾನಿನಲ್ಲಿ ಕಪ್‌ಗಳನ್ನು ಐದರ ಸೆಟ್ ಆಗಿ ಮಾರುವುದು ರೂಢಿ. ಇಬ್ಬರೇ ಇರುವ ಮನೆಗೆ ಐದು ಬೇಡ ಅನಿಸಿದರೆ ಬಿಡಿಯಾಗಿ ಎರಡು ಕೊಳ್ಳಿ. ಒಂದೇ ಗಾತ್ರದವಾಗಿದ್ದರೆ ಹಂಚುವುದು ಸುಲಭ.

ನಮ್ಮ ಸ್ಟೀಲ್ ಲೋಟ ಬಳಸಬಹುದಾ ಅಂತ ಕೇಳುವವರಿದ್ದಾರೆ. ಗಾತ್ರ ನೋಡಲಿಕ್ಕೆ ಬಳಸಿ. ಕುಡಿಯಲಿಕ್ಕೆ ಬೇಡ. ತುಟಿಗೆ ಲೋಹದ ರುಚಿ ತಾಗುತ್ತದೆ, ಬಣ್ಣವೂ ಕಾಣುವುದಿಲ್ಲ.

ಹಂತ 4: ಈಗ ಪಾಟ್‌ನ ಗಾತ್ರ

ಜಪಾನಿನ ಟೀಪಾಟ್‌ಗೆ ಕ್ಯೂಸು ಅನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚು ಕಾಣುವುದು ಪಕ್ಕದಲ್ಲಿ ಹಿಡಿ ಇರುವುದು. ಹೆಬ್ಬೆರಳನ್ನು ಮುಚ್ಚಳದ ಮೇಲೆ ಒತ್ತಿ ಒಂದೇ ಕೈಯಲ್ಲಿ ಬಗ್ಗಿಸಿ ಸುರಿಯುವಂಥದ್ದು. ಹಿಡಿಯೇ ಇಲ್ಲದ ಚಿಕ್ಕ ಪಾಟ್ ಹೋಹಿನ್. ಅದಕ್ಕಿಂತ ಸರಳವಾದದ್ದು ಶಿಬೊರಿದಾಶಿ. ಚಪ್ಪಟೆ ಬಟ್ಟಲು, ಅದಕ್ಕೊಂದು ಮುಚ್ಚಳ, ಅಂಚಲ್ಲೇ ಒಂದು ಮೂತಿ. ಒಳಗೆ ಜಾಲರಿ ಇರುವುದಿಲ್ಲ. ಮುಚ್ಚಳ ಮತ್ತು ಮೂತಿಯ ನಡುವಿನ ಸಂದಿಯೇ ಎಲೆಯನ್ನು ತಡೆಯುತ್ತದೆ. ಹೋಹಿನ್, ಶಿಬೊರಿದಾಶಿ ಎರಡಕ್ಕೂ ಹಿಡಿ ಯಾಕಿಲ್ಲ ಅಂದರೆ ಅವು ಗ್ಯೊಕುರೊಗಾಗಿ ಇರುವಂಥವು. 60 ಡಿಗ್ರಿಯ ನೀರಿದ್ದರೆ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯಬಹುದು. ಅದೇ ಪಾತ್ರೆಗೆ ಕುದಿಯುವ ನೀರು ಹಾಕಿದರೆ ಬೆರಳು ಸುಡುತ್ತದೆ.

ಲೆಕ್ಕ ಹೀಗಿದೆ. ಸೆಂಚಾ ಆದರೆ, ಹಾಕುವ ನೀರಿನ ಒಂದೂಕಾಲರಿಂದ ಒಂದೂವರೆ ಪಟ್ಟು ಹಿಡಿಯುವ ಪಾಟ್. ಗ್ಯೊಕುರೊ ಆದರೆ ಸುಮಾರು ಎರಡು ಪಟ್ಟು. ಗ್ಯೊಕುರೊಗೆ ಯಾಕೆ ಜಾಸ್ತಿ? ನೀರಿಗೆ ಹೋಲಿಸಿದರೆ ಅಲ್ಲಿ ಎಲೆಯೇ ರಾಶಿ. ಅದು ಬಿಚ್ಚಿಕೊಂಡು ಉಬ್ಬಿದಾಗ ಜಾಗ ಬೇಕು. ಎರಡನೇ, ಮೂರನೇ ಸಲ ನೀರನ್ನು ಜಾಸ್ತಿ ಹಾಕುವುದೂ ಉಂಟು.

ಒಬ್ಬರಿಗೆ ಗ್ಯೊಕುರೊ ಮಾತ್ರ ಬೇಕಾದರೆ 80-100 ಮಿ.ಲೀ. ಶಿಬೊರಿದಾಶಿ. ಇಬ್ಬರಿಗೆ 130-160 ಮಿ.ಲೀ. ಹೋಹಿನ್. ಒಬ್ಬರಿಗೆ ಸೆಂಚಾ ಆದರೆ 150 ಮಿ.ಲೀ. ಕ್ಯೂಸು. ಇಬ್ಬರಿಗೆ 200ರಿಂದ 220. ಮೂವರಿಗೆ 250. ನಾಲ್ಕೈದು ಜನಕ್ಕೆ 360.

ಈ 360 ಅನ್ನುವ ಸಂಖ್ಯೆ ಅಂಗಡಿಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಜಪಾನಿನ ಹಳೆಯ ಅಳತೆಯಲ್ಲಿ ಒಂದು ಗೋ ಅಂದರೆ ಸುಮಾರು 180 ಮಿ.ಲೀ. ಎರಡು ಗೋ ಅಂದರೆ 360. ಹಾಗಾಗಿ ಮನೆಬಳಕೆಯ ಕ್ಯೂಸುಗಳು ಈ ಗಾತ್ರದಲ್ಲಿ ಧಾರಾಳವಾಗಿ ಸಿಗುತ್ತವೆ. ಹೊಸದಾಗಿ ಕೊಳ್ಳುವವರು ಅದನ್ನೇ ತೆಗೆದುಕೊಂಡುಬಿಡುತ್ತಾರೆ. ನಾಲ್ವರಿರುವ ಮನೆಗೆ, ಸಾಧಾರಣ ಸೆಂಚಾಕ್ಕೆ ಅದು ಹೇಳಿ ಮಾಡಿಸಿದ ಗಾತ್ರ. ಒಬ್ಬರೇ ಕೂತು ಒಳ್ಳೆಯ ಚಹಾ ಕುಡಿಯುವುದಕ್ಕೆ ಅದು ತುಂಬ ದೊಡ್ಡದು.

ಒಂದೇ ಒಂದು ಪಾಟ್ ಕೊಳ್ಳುವ ಅವಕಾಶ ಇದ್ದರೆ 200 ಮಿ.ಲೀ. ಕ್ಯೂಸು ಕೊಳ್ಳಿ. ಅದರಲ್ಲಿ ಒಬ್ಬರಿಗೂ ಇಬ್ಬರಿಗೂ ಸೆಂಚಾ ಆಗುತ್ತದೆ. ಇಬ್ಬರಿಗೆ ಗ್ಯೊಕುರೊ ಕೂಡ ತಕ್ಕಮಟ್ಟಿಗೆ ಆಗುತ್ತದೆ. ನಾಲ್ವರು ಬಂದರೆ ಎರಡು ಸಲ ಮಾಡಿದರಾಯಿತು. ಚಿಕ್ಕ ಪಾಟ್‌ನಲ್ಲಿ ಎರಡು ಸಲ ಮಾಡಬಹುದು. ದೊಡ್ಡದರಲ್ಲಿ ಅರ್ಧ ಸಲ ಮಾಡಲು ಬರುವುದಿಲ್ಲ.

ಯಾಕೆ ಬರುವುದಿಲ್ಲ ಅನ್ನುವುದನ್ನೂ ನೋಡೋಣ. ಅಗಲ ತಳದ 360 ಮಿ.ಲೀ. ಪಾಟ್‌ಗೆ 60 ಮಿ.ಲೀ. ನೀರು ಹಾಕಿದರೆ ಅದು ತಳದಲ್ಲಿ ತೆಳ್ಳಗೆ ಹರಡುತ್ತದೆ. ಕೆಲವು ಎಲೆ ಮುಳುಗುತ್ತವೆ, ಕೆಲವು ಒಣಗೇ ಉಳಿಯುತ್ತವೆ. ಇನ್ನೊಂದು ತೊಂದರೆ ಬಿಸಿಯದು. 300 ಗ್ರಾಂ ತೂಕದ ಮಣ್ಣಿನ ಪಾಟ್ ತಣ್ಣಗಿದ್ದರೆ, ಅದಕ್ಕೆ ಬಿದ್ದ 60 ಡಿಗ್ರಿಯ 60 ಮಿ.ಲೀ. ನೀರು ನೋಡನೋಡುತ್ತಿದ್ದಂತೆ 50ರ ಕೆಳಗೆ ಇಳಿದುಬಿಡುತ್ತದೆ. ಎಲೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ತದ್ವಿರುದ್ಧವಾಗಿ ತೀರಾ ಚಿಕ್ಕ ಪಾಟ್‌ಗೆ ಕಂಠಪೂರ್ತಿ ನೀರು ತುಂಬಿದರೆ ಬಗ್ಗಿಸುವಾಗ ಮುಚ್ಚಳದ ಸಂದಿಯಿಂದ ಸೋರುತ್ತದೆ. ಉಬ್ಬಿದ ಎಲೆ ಜಾಲರಿಗೆ ಒತ್ತಿಕೊಂಡು ಚಹಾ ಹನಿಹನಿಯಾಗಿ ಇಳಿಯುತ್ತದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹಂತ 5: ಆಕಾರ, ಜಾಲರಿ, ತೂಕ

ಗಾತ್ರ ಒಂದೇ ಇದ್ದರೂ ಎರಡು ಪಾಟ್‌ಗಳು ಒಂದೇ ಥರ ಕೆಲಸ ಮಾಡುವುದಿಲ್ಲ. ಸೂಜಿಯಂಥ ಉದ್ದ ಎಲೆಗೆ, ಕಡಿಮೆ ನೀರಿಗೆ ಚಪ್ಪಟೆಯಾದ ಪಾಟ್ ಚೆನ್ನ. ಎಲೆ ತಳದಲ್ಲಿ ಒಂದೇ ಸಮ ಹರಡಿ ನೆನೆಯುತ್ತದೆ. ಪುಡಿ ಎಲೆಯ ಫುಕಾಮುಶಿಗೆ ದುಂಡಗಿನ, ಸ್ವಲ್ಪ ಎತ್ತರದ ಪಾಟ್ ಇರಲಿ. ಗಾತ್ರವೂ ಸೆಂಚಾ ಲೆಕ್ಕಕ್ಕಿಂತ ಒಂದು ಹೆಜ್ಜೆ ದೊಡ್ಡದಿರಲಿ. ಇಬ್ಬರಿಗೆ 200 ಬದಲು 250.

ಫುಕಾಮುಶಿಯಲ್ಲಿ ಜಾಲರಿಯೇ ಮುಖ್ಯ. ಸಾಮಾನ್ಯ ಕ್ಯೂಸುವಿನಲ್ಲಿ ಮೂತಿಯ ಬುಡದಲ್ಲಿ ಮಣ್ಣಿನಲ್ಲೇ ಸಣ್ಣ ತೂತುಗಳನ್ನು ಕೊರೆದಿರುತ್ತಾರೆ. ತೂತು ಕಡಿಮೆ ಇದ್ದರೆ, ದೊಡ್ಡದಿದ್ದರೆ ಪುಡಿ ಎಲೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಕಪ್ಪಿಗೆ ಬಂದುಬಿಡುತ್ತದೆ. ಮುಚ್ಚಳ ತೆಗೆದು ಒಳಗೆ ನೋಡಿ. ನೂರಾರು ಸಣ್ಣ ತೂತುಗಳಿರುವ, ಅಗಲವಾದ ಮಣ್ಣಿನ ಜಾಲರಿ ಇದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದು. ಒಳಗೋಡೆಯ ಸುತ್ತ ಸ್ಟೀಲ್ ಜಾಲರಿಯ ಪಟ್ಟಿ ಇರುವವೂ ಫುಕಾಮುಶಿಗೆ ಚೆನ್ನಾಗಿ ಹೊಂದುತ್ತವೆ. ಒಳಗೆ ಇಳಿಬಿಡುವ ಬುಟ್ಟಿಯಂಥ ಜಾಲರಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ತೊಳೆಯಲು ಸುಲಭ, ನಿಜ. ಆದರೆ ಬುಟ್ಟಿ ಒಳಗಿನ ಜಾಗವನ್ನು ಕಡಿಮೆ ಮಾಡುತ್ತದೆ, ಎಲೆ ಹರಡಲು ಬಿಡುವುದಿಲ್ಲ. ಕಡಿಮೆ ನೀರು ಹಾಕಿದಾಗ ಬುಟ್ಟಿಯ ತಳ ನೀರಿಗೆ ತಾಗದೇ ಇರುವುದೂ ಉಂಟು.

ಮಣ್ಣಿನ ವಿಷಯ ಬೇಗ ಮುಗಿಸೋಣ. ಐಚಿ ಪ್ರಾಂತ್ಯದ ಟೊಕೊನಾಮೆ ಕೆಂಪು ಮಣ್ಣಿನ ಕ್ಯೂಸುಗಳಿಗೆ ಪ್ರಸಿದ್ಧ. ಅಲ್ಲಿನ ಮೂರನೇ ಯಮಾದಾ ಜೋಝಾನ್ ಅವರಿಗೆ ಕ್ಯೂಸು ತಯಾರಿಕೆಗಾಗಿಯೇ 1998ರಲ್ಲಿ ದೇಶದ ಜೀವಂತ ನಿಧಿ ಅನ್ನುವ ಗೌರವ ಸಿಕ್ಕಿತು. ಮಿಯೆ ಪ್ರಾಂತ್ಯದ ಯೊಕ್ಕಾಯಿಚಿಯ ಬಾಂಕೊ ಪಾತ್ರೆಗಳದು ನೇರಳೆ ಛಾಯೆಯ ಕಂದು ಬಣ್ಣ. ಎರಡೂ ಹೊಳಪು ಲೇಪ ಇಲ್ಲದ ಮಣ್ಣು. ಲೇಪ ಇಲ್ಲದ ಪಾಟ್ ಒಂದನ್ನು ಹಸಿರು ಚಹಾಕ್ಕೆ ಮಾತ್ರ ಇಟ್ಟುಕೊಳ್ಳಿ, ಹೋಜಿಚಾ ವಾಸನೆ ಅದಕ್ಕೆ ಹತ್ತದಿರಲಿ. ಒಂದೇ ಪಾಟ್‌ನಲ್ಲಿ ಎಲ್ಲ ಥರ ಮಾಡುವವರು ಒಳಗೆ ಲೇಪ ಇರುವುದನ್ನೋ ಪಿಂಗಾಣಿಯದನ್ನೋ ತೆಗೆದುಕೊಳ್ಳಿ.

ತೂಕವನ್ನು ಮರೆಯಬೇಡಿ. ಪಕ್ಕದ ಹಿಡಿಯ ಪಾಟ್‌ನ ಅಷ್ಟೂ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. 360 ಮಿ.ಲೀ. ಪಾಟ್ ನೀರು ತುಂಬಿದಾಗ 600 ಗ್ರಾಂ ಹತ್ತಿರ ತೂಗುತ್ತದೆ. ಅದನ್ನು ಬಗ್ಗಿಸಿ, ಕೊನೆಯ ಹನಿ ಬೀಳುವವರೆಗೆ ಹಾಗೆಯೇ ಹಿಡಿದಿರಬೇಕು. ವಯಸ್ಸಾದವರಿಗೆ, ಕೈಗಂಟು ನೋವಿರುವವರಿಗೆ ಇದು ಕಷ್ಟ. ಎಡಗೈ ಬಳಸುವವರು ಇನ್ನೊಂದು ಗಮನಿಸಬೇಕು. ಸಾಮಾನ್ಯ ಕ್ಯೂಸು ಬಲಗೈಯವರಿಗೆ ಮಾಡಿದ್ದು. ಎಡಗೈಯವರಿಗಾಗಿ ಹಿಡಿ ಆಚೆ ಬದಿಗಿರುವ ಕ್ಯೂಸುಗಳೂ ಸಿಗುತ್ತವೆ, ಕೇಳಿ ತರಿಸಿಕೊಳ್ಳಿ. ಹೋಹಿನ್, ಶಿಬೊರಿದಾಶಿಗೆ ಈ ತಾಪತ್ರಯವೇ ಇಲ್ಲ.

ಹಂತ 6: ಕೊಳ್ಳುವ ಮೊದಲು ಮನೆಯಲ್ಲೇ ಅಳೆದು ನೋಡಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. 30 ಮಿ.ಲೀ., 80 ಮಿ.ಲೀ. ಅಂದರೆ ಕಣ್ಣಿಗೆ ಎಷ್ಟು ಕಾಣುತ್ತದೆ ಅಂತ ತಿಳಿಯದೆ ಫೋಟೊ ನೋಡಿ ಪಾತ್ರೆ ಕೊಳ್ಳುವುದು ಬೇಡ.

ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಕೆಲಸ ಸುಲಭ. ಒಂದು ಮಿ.ಲೀ. ನೀರು ಅಂದರೆ ಒಂದು ಗ್ರಾಂ. ಖಾಲಿ ಕಪ್ ಇಟ್ಟು ಸೊನ್ನೆ ಮಾಡಿ, ನೀವು ಎಂದಿನಂತೆ ತುಂಬಿಸುವಷ್ಟು ನೀರು ಹಾಕಿ. ಬಂದ ಸಂಖ್ಯೆಯೇ ಮಿ.ಲೀ. ತಕ್ಕಡಿ ಇಲ್ಲವಾ? ಕೆಮ್ಮಿನ ಸಿರಪ್ ಜೊತೆ ಬರುವ ಅಳತೆಯ ಮುಚ್ಚಳ ಸಾಕು. ಗ್ಯೊಕುರೊ ಅಳತೆಗೆ ಅದಕ್ಕಿಂತ ಒಳ್ಳೆಯ ಸಾಧನ ಬೇರೆ ಬೇಡ. ಚೆನ್ನಾಗಿ ತೊಳೆದು, ವಾಸನೆ ಹೋದ ಮೇಲೆ ಬಳಸಿ.

ಕ್ಯೂಸು ಇಲ್ಲದೆಯೇ ಒಮ್ಮೆ ಚಹಾ ಮಾಡಿ ನೋಡಬಹುದು. ಉಪ್ಪಿನಕಾಯಿಗೆ ಇಡುವಂಥ ಚಿಕ್ಕ ಪಿಂಗಾಣಿ ಬಟ್ಟಲು ತೆಗೆದುಕೊಳ್ಳಿ. 4 ಗ್ರಾಂ ಗ್ಯೊಕುರೊ ಹಾಕಿ, 50-60 ಡಿಗ್ರಿಗೆ ಆರಿದ ನೀರು 40 ಮಿ.ಲೀ. ಹಾಕಿ, ಮೇಲೆ ಒಂದು ಚಿಕ್ಕ ತಟ್ಟೆ ಮುಚ್ಚಿ. ಎರಡೂವರೆ ನಿಮಿಷ ಬಿಟ್ಟು ತಟ್ಟೆಯನ್ನು ಒಂಚೂರು ಸರಿಸಿ, ಒತ್ತಿ ಹಿಡಿದು ಬಸಿಯಿರಿ. ನಿಮ್ಮ ಬಳಿ ಈಗ ಒಂದು ಶಿಬೊರಿದಾಶಿ ಇದ್ದಂತೆಯೇ. ಆ ಗುಟುಕು ನಿಮಗೆ ಇಷ್ಟವಾದರೆ ನಿಜವಾದ ಚಿಕ್ಕ ಪಾಟ್‌ಗೆ ದುಡ್ಡು ಹಾಕಿ. ಇಷ್ಟವಾಗದಿದ್ದರೆ ಸೆಂಚಾ ಸಾಕು, 200 ಮಿ.ಲೀ. ಕ್ಯೂಸುವಿಗೆ ಹೋಗಿ.

ಹಂತ 7: ಕಪ್ಪಲ್ಲೇ ನೀರು ಅಳೆಯಿರಿ, ಕಪ್ಪಲ್ಲೇ ತಣಿಸಿ

ಕಪ್ ಮತ್ತು ಪಾಟ್ ಒಂದಕ್ಕೊಂದು ಹೊಂದಿದರೆ ಥರ್ಮಾಮೀಟರ್, ಅಳತೆ ಲೋಟ ಯಾವುದೂ ಬೇಡ. ಕುದಿದ ನೀರನ್ನು ಮೊದಲು ಖಾಲಿ ಪಾಟ್‌ಗೆ ಹಾಕಿ. ಪಾಟ್ ಬೆಚ್ಚಗಾಗುತ್ತದೆ. ಅಲ್ಲಿಂದ ಕಪ್‌ಗಳಿಗೆ ಸುರಿಯಿರಿ, ಪ್ರತಿ ಕಪ್ಪಿಗೆ ಮುಕ್ಕಾಲು. ಇದರಿಂದ ಕಪ್ ಬೆಚ್ಚಗಾಯಿತು, ನೀರಿನ ಅಳತೆಯೂ ಆಯಿತು. ಪಾಟ್‌ನಲ್ಲಿ ಉಳಿದ ನೀರು ಚೆಲ್ಲಿ, ಎಲೆ ಹಾಕಿ, ಕಪ್‌ಗಳ ನೀರನ್ನು ವಾಪಸ್ ಪಾಟ್‌ಗೆ ಸುರಿಯಿರಿ. ಎಲೆ ಹೀರಿಕೊಂಡದ್ದು ಕಳೆದು ಅದೇ ನೀರು ಚಹಾ ಆಗಿ ಅದೇ ಕಪ್‌ಗಳಿಗೆ ಬರುತ್ತದೆ.

ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದಾಗಲೆಲ್ಲ ನೀರು ಸುಮಾರು 10 ಡಿಗ್ರಿ ಇಳಿಯುತ್ತದೆ ಅನ್ನುವುದು ಜಪಾನಿನ ಮನೆಗಳ ಲೆಕ್ಕ. ಬೆಂಗಳೂರಿನಂಥ ಎತ್ತರದ ಊರಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಪಾಟ್‌ಗೆ ಹಾಕಿದಾಗ 87, ಕಪ್ಪಿಗೆ ಬಂದಾಗ 77, ವಾಪಸ್ ಎಲೆಯ ಮೇಲೆ ಬೀಳುವಾಗ 70 ಆಸುಪಾಸು. ಸೆಂಚಾಕ್ಕೆ ಸರಿಯಾಗಿ ಬೇಕಾದ ಬಿಸಿ. ಆದರೆ ಈ ಲೆಕ್ಕಕ್ಕೂ ಗಾತ್ರಕ್ಕೂ ನಂಟಿದೆ. ನೀರು ಕಡಿಮೆ, ಪಾತ್ರೆ ದಪ್ಪ ಆದಷ್ಟೂ ಬಿಸಿ ಬೇಗ ಇಳಿಯುತ್ತದೆ. 100 ಗ್ರಾಂ ತೂಕದ ತಣ್ಣನೆಯ ಪಿಂಗಾಣಿ ಕಪ್ಪಿಗೆ 50 ಮಿ.ಲೀ. ಕುದಿನೀರು ಬಿದ್ದರೆ ಒಂದೇ ಸಲಕ್ಕೆ 20 ಡಿಗ್ರಿ ಕಳೆದುಕೊಳ್ಳುತ್ತದೆ. ಗ್ಯೊಕುರೊ ಮಾಡುವವರಿಗೆ ಇದು ಅನುಕೂಲವೇ. ನೀರು ಆರಿಸಲೆಂದೇ ಯುಜಾಮಾಶಿ ಅನ್ನುವ ಮೂತಿಯ ಬಟ್ಟಲು ಸಿಗುತ್ತದೆ. ಕೊಳ್ಳುವುದಾದರೆ ಪಾಟ್‌ಗೆ ಹಾಕುವ ನೀರಿನಷ್ಟೇ ಹಿಡಿಯುವುದನ್ನು ತೆಗೆದುಕೊಳ್ಳಿ. ಆಗ ಅದೂ ಅಳತೆಯ ಪಾತ್ರೆ ಆಗುತ್ತದೆ.

ಕಪ್‌ಗಳಿಗೆ ಹಂಚುವಾಗ ಒಂದು ಕಪ್ ತುಂಬಿಸಿ ಮುಂದಿನದಕ್ಕೆ ಹೋಗಬೇಡಿ. ಮೊದಲು ಬರುವ ಚಹಾ ತೆಳು, ಕೊನೆಗೆ ಬರುವುದು ಗಟ್ಟಿ. ಮೂರು ಕಪ್ ಇದ್ದರೆ ಒಂದು, ಎರಡು, ಮೂರು ಅಂತ ಸ್ವಲ್ಪ ಸ್ವಲ್ಪ ಹಾಕಿ, ಮೂರು, ಎರಡು, ಒಂದು ಅಂತ ವಾಪಸ್ ಬನ್ನಿ. ಕೊನೆಯ ಹನಿಗಳು ತಾವಾಗಿ ಬೀಳಲಿ, ಪಾಟ್ ಕುಲುಕಬೇಡಿ. ಎರಡನೇ ಸಲ ನೀರು ಸ್ವಲ್ಪ ಜಾಸ್ತಿ ಬಿಸಿ ಇರಲಿ. ಎಲೆ ಆಗಲೇ ನೆನೆದಿರುವುದರಿಂದ ಹದಿನೈದು ಇಪ್ಪತ್ತು ಸೆಕೆಂಡ್ ಸಾಕು. ಎಲೆ ಇನ್ನು ನೀರು ಹೀರುವುದಿಲ್ಲ, ಹಾಕಿದಷ್ಟೂ ಕಪ್ಪಿಗೆ ಬರುತ್ತದೆ. ಹಾಗಾಗಿ ಕಪ್ಪಲ್ಲಿ ಮೊದಲೇ ಜಾಗ ಉಳಿಸಿಕೊಂಡಿರಬೇಕು. ಮೂರನೇ ಸಲ ಮುಗಿದ ಮೇಲೆ ಗ್ಯೊಕುರೊ ಎಲೆಯನ್ನು ಎಸೆಯಬೇಡಿ. ಅದು ಎಳೆಯ ಸೊಪ್ಪಿನಷ್ಟು ಮೆತ್ತಗಿರುತ್ತದೆ. ಜಪಾನಿನಲ್ಲಿ ಅದಕ್ಕೆ ಹುಳಿ ಬೆರೆತ ಪೊನ್‌ಝು ಸಾಸ್ ಅಥವಾ ಸೋಯಾ ಸಾಸ್ ಹಾಕಿ ತಿನ್ನುತ್ತಾರೆ.

ನೀರಿನ ಬಗ್ಗೆ ಒಂದು ಸಾಲು. ಈ ಚಹಾಗಳು ಜಪಾನಿನ ಮೆದು ನೀರಿಗೆ ಹೊಂದಿಕೊಂಡವು. ಬೋರ್‌ವೆಲ್‌ನ ಗಡಸು ನೀರಲ್ಲಿ ರುಚಿ ಮಂಕಾಗುತ್ತದೆ. ಫಿಲ್ಟರ್ ನೀರನ್ನೇ ಬಳಸಿ.

ಹಂತ 8: ಆನ್‌ಲೈನ್‌ನಲ್ಲಿ ಕೊಳ್ಳುವಾಗ

ಫೋಟೊದಲ್ಲಿ 100 ಮಿ.ಲೀ. ಪಾಟ್ ಕೂಡ 400 ಮಿ.ಲೀ. ಥರ ಕಾಣುತ್ತದೆ. ಅಳತೆ ಸಂಖ್ಯೆ ಇಲ್ಲದ ಪಾಟ್ ಕೊಳ್ಳಬೇಡಿ. "ಇಬ್ಬರಿಗೆ" ಅಂತ ಬರೆದಿದ್ದರೆ ಅದನ್ನು ನಂಬಿ ಕೂರಬೇಡಿ. ಅದು ಇಬ್ಬರ ಗ್ಯೊಕುರೊ ಇರಬಹುದು, ಇಬ್ಬರ ದೊಡ್ಡ ಮಗ್ ಕೂಡ ಇರಬಹುದು. ಬರೆದ ಮಿ.ಲೀ. ಅಂಚಿನವರೆಗಿನದ್ದೋ, ಆರಾಮಾಗಿ ಬಳಸಬಹುದಾದದ್ದೋ ಅಂತ ಮಾರುವವರನ್ನು ಕೇಳಿ. ಹೆಚ್ಚಾಗಿ ಅಂಚಿನವರೆಗಿನದ್ದನ್ನೇ ಬರೆದಿರುತ್ತಾರೆ. ಹಾಗಿದ್ದರೆ ಅದರಲ್ಲಿ ನಾಲ್ಕನೇ ಒಂದು ಭಾಗ ಕಳೆದು ಲೆಕ್ಕ ಹಾಕಿ. ತೂಕ ಮತ್ತು ಒಳಗಿನ ಜಾಲರಿಯ ಫೋಟೊ ಕೂಡ ಕೇಳಿ. ಟೋಕಿಯೊದಲ್ಲೋ ಒಸಾಕಾದಲ್ಲೋ ಕೆಲಸದಲ್ಲಿರುವ ನೆಂಟರ ಕೈಲಿ ತರಿಸುವುದಾದರೆ ಅವರಿಗೆ "ಒಂದು ಟೀಪಾಟ್" ಅನ್ನಬೇಡಿ. "200 ಮಿ.ಲೀ., ಪಕ್ಕದ ಹಿಡಿ, ಮಣ್ಣಿನ ಸಣ್ಣ ಜಾಲರಿ" ಅಂತ ಬರೆದು ಕಳಿಸಿ.

ಪಾಟ್ ಬಂದ ದಿನ ಬರೀ ನೀರು ತುಂಬಿ ಪರೀಕ್ಷೆ ಮಾಡಿ. ಮುಕ್ಕಾಲು ತುಂಬಿ, ಪೂರ್ತಿ ಬಗ್ಗಿಸಿ ನೋಡಿ. ಮುಚ್ಚಳದಿಂದ ಸೋರಬಾರದು. ಧಾರೆ ಒಡೆಯದೆ ಬೀಳಬೇಕು. ಎತ್ತಿದಾಗ ಮೂತಿಯ ಕೆಳಗೆ ನೀರು ಇಳಿದುಬರಬಾರದು. ಬಿಸಿನೀರಲ್ಲಿ ಎರಡು ಮೂರು ಸಲ ತೊಳೆದರೆ ಸಾಕು, ಲೇಪ ಇಲ್ಲದ ಮಣ್ಣಿಗೆ ಸೋಪು ಹಾಕಬೇಡಿ. ಮೂತಿಯ ತುದಿಗೆ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿದ್ದರೆ ಅದನ್ನು ಎಳೆದು ತೆಗೆಯಿರಿ. ಸಾಗಣೆಯಲ್ಲಿ ತುದಿ ಒಡೆಯದಿರಲಿ ಅಂತ ಹಾಕಿರುತ್ತಾರೆ, ಎಷ್ಟೋ ಮನೆಗಳಲ್ಲಿ ಅದು ಪಾಟ್‌ನ ಭಾಗವೇ ಅಂದುಕೊಂಡು ಹಾಗೇ ಬಿಟ್ಟಿರುತ್ತಾರೆ. ಅದರೊಳಗೆ ಚಹಾದ ಕೊಳೆ ಕಟ್ಟಿಕೊಳ್ಳುತ್ತದೆ, ಕೊನೆಯ ಹನಿಗಳೂ ಅಲ್ಲೇ ನಿಂತುಬಿಡುತ್ತವೆ.